ಆಟೊಮ್ಯಾಟಿಕ್ ವಾಚು ಎಲ್ಲಿ ಸವೆಯುತ್ತದೆ?

ಹೊಸದಾಗಿ ಸ್ವಿಸ್ ಆಟೊಮ್ಯಾಟಿಕ್ ವಾಚು ಕೊಂಡವರನ್ನು ಮೊದಲು ಕಾಡುವುದು ಗೀರು. ಮೇಜಿನ ಅಂಚು ತಗುಲಿ ಚೈನಿನ ಮೇಲೆ ಸಣ್ಣ ಗೆರೆ ಮೂಡಿದರೂ ಜೀವ ಚುರ್ ಎನ್ನುತ್ತದೆ. ಆ ಗೆರೆಯಿಂದ ವಾಚಿನ ಆಯುಸ್ಸಿಗೆ ಏನೂ ಆಗುವುದಿಲ್ಲ. ನಿಜವಾದ ಸವೆತ ನಡೆಯುವುದು ಕಣ್ಣಿಗೆ ಬೀಳದ ಮೂರು ಕಡೆ: ಯಂತ್ರದೊಳಗಿನ ಎಣ್ಣೆ, ನೀರು ತಡೆಯುವ ರಬ್ಬರ್ ಬಳೆ, ಚೈನಿನ ಪಿನ್ನು. ಈ ಮೂರರ ಮೇಲೆ ನಿಗಾ ಇಟ್ಟರೆ ವಾಚು ದಶಕಗಳ ಕಾಲ ಬಾಳುತ್ತದೆ.

ಉದಾಹರಣೆಗೆ ಟಿಸ್ಸೊ ಪಿಆರ್‌ಎಕ್ಸ್ ಪವರ್‌ಮ್ಯಾಟಿಕ್ 80 ಅನ್ನೇ ನೋಡೋಣ. ಟಿಸ್ಸೊ 1853ರಲ್ಲಿ ಸ್ವಿಟ್ಜರ್ಲೆಂಡಿನ ಲ ಲೋಕ್ಲ್ ಪಟ್ಟಣದಲ್ಲಿ ಶುರುವಾದ ಕಂಪನಿ. ಪಿಆರ್‌ಎಕ್ಸ್‌ನ ಮೂಲ ವಿನ್ಯಾಸ 1978ರದು. 2021ರಲ್ಲಿ ಅದು ಹೊಸ ರೂಪದಲ್ಲಿ ಮರಳಿ ಬಂತು. 40 ಮಿಲಿಮೀಟರ್ ಅಗಲದ ಉಕ್ಕಿನ ಮೈ, ನೀಲಮಣಿ ಗಾಜು, 100 ಮೀಟರ್ ಆಳದ ಒತ್ತಡ ತಡೆಯುವ ಕಟ್ಟು. ಬೆಲೆ ಸಣ್ಣದಲ್ಲವಾದರೂ ಸ್ವಿಸ್ ಆಟೊಮ್ಯಾಟಿಕ್‌ಗಳ ನಡುವೆ ಕೈಗೆಟುಕುವಂಥದ್ದು.

ಒಳಗೆ ಏನು ನಡೆಯುತ್ತದೆ?

ಎಚ್‌ಎಂಟಿ ವಾಚಿಗೆ ದಿನವೂ ಕೀ ಕೊಟ್ಟು ರೂಢಿಯಿದ್ದವರಿಗೆ ಇದರ ತತ್ವ ಹೊಸದಲ್ಲ. ಇಲ್ಲೂ ಸುರುಳಿ ಸ್ಪ್ರಿಂಗೇ ಶಕ್ತಿಯ ಮೂಲ. ಕೈ ಆಡಿದಂತೆಲ್ಲ ರೋಟರ್ ಎಂಬ ಅರ್ಧಚಂದ್ರಾಕಾರದ ತೂಕ ತಿರುಗಿ ಆ ಸ್ಪ್ರಿಂಗನ್ನು ಬಿಗಿಯುತ್ತದೆ. ಬೇಕಾದಷ್ಟು ಬಿಗಿಯಾದ ಮೇಲೆ ಸ್ಪ್ರಿಂಗಿನ ಹೊರತುದಿ ತನ್ನ ಡಬ್ಬಿಯೊಳಗೆ ಜಾರುತ್ತದೆ. ಹಾಗಾಗಿ ಕೀ ಹೆಚ್ಚಾಗಿ ಸ್ಪ್ರಿಂಗ್ ತುಂಡಾದೀತೆಂಬ ಭಯ ಬೇಡ.

ಪವರ್‌ಮ್ಯಾಟಿಕ್ 80 ಎಂಬುದು ಈ ವಾಚಿನ ಯಂತ್ರದ ಹೆಸರು. ಅದರ ಮೂಲ ಇಟಿಎ 2824-2 ಎಂಬ ಹಳೆಯ, ನಂಬಿಕೆಯ ಯಂತ್ರ. ಆ ಹಳೆಯದರ ಬ್ಯಾಲೆನ್ಸ್ ವೀಲ್, ಅಂದರೆ ಆಚೀಚೆ ತೂಗಿ ಕಾಲ ಅಳೆಯುವ ಚಕ್ರ, ಗಂಟೆಗೆ 28,800 ಬಾರಿ ಮಿಡಿಯುತ್ತಿತ್ತು; ತುಂಬಿಸಿದ ಶಕ್ತಿ ಸುಮಾರು 38 ಗಂಟೆಗೆ ಮುಗಿಯುತ್ತಿತ್ತು. ಹೊಸದರಲ್ಲಿ ಮಿಡಿತವನ್ನು 21,600ಕ್ಕೆ ಇಳಿಸಿ, ಸ್ಪ್ರಿಂಗಿನ ಉದ್ದ ಹೆಚ್ಚಿಸಿ, 80 ಗಂಟೆ ನಡೆಯುವಂತೆ ಮಾಡಿದ್ದಾರೆ. ಶುಕ್ರವಾರ ಸಂಜೆ ಬಿಚ್ಚಿಟ್ಟ ವಾಚು ಸೋಮವಾರ ಬೆಳಿಗ್ಗೆ ಇನ್ನೂ ಸರಿಯಾದ ಸಮಯ ತೋರಿಸುವುದು ಇದರಿಂದಲೇ.

ಎಣ್ಣೆ ಹಳತಾಗುವ ಬಗೆ

ಗಂಟೆಗೆ 21,600 ಎಂದರೆ ದಿನಕ್ಕೆ 5,18,400 ಮಿಡಿತ, ವರ್ಷಕ್ಕೆ ಸುಮಾರು 18.9 ಕೋಟಿ. ಇಷ್ಟು ಉಜ್ಜಾಟವನ್ನು ತಡೆದುಕೊಳ್ಳಲು ಅಕ್ಷಗಳ ತುದಿಗಳನ್ನು ಕೃತಕ ಮಾಣಿಕ್ಯದ ಹರಳುಗಳಲ್ಲಿ ಕೂರಿಸಿ, ಸೂಜಿಮೊನೆಯಷ್ಟು ಎಣ್ಣೆ ಇಟ್ಟಿರುತ್ತಾರೆ. ವರ್ಷಗಳು ಕಳೆದಂತೆ ಆ ಎಣ್ಣೆ ಜಾಗ ಬಿಟ್ಟು ಹರಡುತ್ತದೆ, ಮಂದವಾಗುತ್ತದೆ, ಒಣಗುತ್ತದೆ. ವಾಚು ಆಗಲೂ ನಡೆಯುತ್ತಲೇ ಇರುತ್ತದೆ, ಆದರೆ ಎಣ್ಣೆಯಿಲ್ಲದ ಭಾಗಗಳು ಉಜ್ಜಿ ಸವೆಯುತ್ತಿರುತ್ತವೆ.

ಇದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ಶುಕ್ರವಾರ ರಾತ್ರಿ 8ಕ್ಕೆ ಕೀ ಪೂರ್ತಿ ಕೊಟ್ಟು ವಾಚನ್ನು ಮೇಜಿನ ಮೇಲಿಡಿ. ಲೆಕ್ಕದ ಪ್ರಕಾರ ಅದು ಮಂಗಳವಾರ ನಸುಕಿನವರೆಗೆ ನಡೆಯಬೇಕು. ಒಂದೆರಡು ಗಂಟೆ ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. ಭಾನುವಾರವೇ ನಿಂತರೆ ಸರ್ವೀಸಿನ ಕಾಲ ಬಂದಿದೆ ಎಂದರ್ಥ. ದಿನಕ್ಕೆ ಐದಾರು ಸೆಕೆಂಡು ಮುಂದಿರುತ್ತಿದ್ದ ವಾಚು ಈಗೀಗ ಹಿಂದೆ ಬೀಳುತ್ತಿದ್ದರೆ ಅದೂ ಇದೇ ಕಡೆಗೆ ಬೆರಳು ತೋರುತ್ತದೆ.

ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಮಾತ್ರ ಮೊದಲು ಶಂಕಿಸಬೇಕಾದ್ದು ಅಯಸ್ಕಾಂತವನ್ನು. ಈ ವಾಚಿನಲ್ಲಿ ಬ್ಯಾಲೆನ್ಸ್ ವೀಲನ್ನು ತೂಗಿಸುವ ಹೇರ್‌ಸ್ಪ್ರಿಂಗ್ ನಿವಾಕ್ರಾನ್ ಎಂಬ ಟೈಟಾನಿಯಂ ಮಿಶ್ರಲೋಹದ್ದು, ಅಯಸ್ಕಾಂತಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಆದರೂ ಯಂತ್ರದಲ್ಲಿ ಉಕ್ಕಿನ ಬೇರೆ ಭಾಗಗಳಿವೆ. ಸ್ಪೀಕರ್, ಅಯಸ್ಕಾಂತದ ಗುಂಡಿಯಿರುವ ಫೋನ್ ಕವರ್ ಇವುಗಳ ಮೇಲೆ ವಾಚಿಡದಿರುವುದೇ ಕ್ಷೇಮ. ಅಯಸ್ಕಾಂತ ಹಿಡಿದಿದ್ದರೆ ರಿಪೇರಿಯವರು ನಿಮಿಷಗಳಲ್ಲಿ ತೆಗೆದುಕೊಡುತ್ತಾರೆ.

100 ಮೀಟರ್ ಎಂಬ ಮಾತು

ಈ ಅಂಕಿ ಹೊಸ ವಾಚಿಗೆ ಸಲ್ಲುವಂಥದ್ದು. ಹಿಂಬದಿಯ ಮುಚ್ಚಳ, ಗಾಜು, ಕ್ರೌನ್ ಎನ್ನುವ ಪಕ್ಕದ ಗುಂಡಿ, ಈ ಸಂದುಗಳಲ್ಲೆಲ್ಲ ನೀರನ್ನು ತಡೆಯುವುದು ತೆಳುವಾದ ಬಳೆಗಳು. ಬೆವರು, ಸೋಪು, ಬಿಸಿ ಹಬೆ ಸೇರಿ ರಬ್ಬರಿನ ಬಳೆಯನ್ನು ಗಟ್ಟಿ ಮಾಡುತ್ತವೆ. ಗಟ್ಟಿಯಾದ ಬಳೆ ಸಂದಿಗೆ ಒತ್ತಿ ಕೂರುವುದಿಲ್ಲ. ಪಿಆರ್‌ಎಕ್ಸ್‌ನ ಕ್ರೌನ್ ತಿರುಪಿನಂತೆ ಬಿಗಿಯುವಂಥದ್ದಲ್ಲ, ಒತ್ತಿ ಕೂರಿಸುವಂಥದ್ದು. ಸಮಯ ತಿದ್ದಿದ ಮೇಲೆ ಅದು ಪೂರ್ತಿ ಒಳಹೋಯಿತೇ ಎಂದು ನೋಡುವುದು ನಮ್ಮ ಹೊಣೆ.

ಬಿಸಿನೀರಿನ ಸ್ನಾನಕ್ಕೆ ವಾಚು ಬೇಡ. ಈಜುವವರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಮಾಡಿಸಿಕೊಳ್ಳಲಿ. ಗಾಜಿನ ಒಳಮೈಯಲ್ಲಿ ಮಂಜು ಕಂಡರೆ ಅಂದೇ ಅಂಗಡಿಗೆ ಒಯ್ಯಬೇಕು. ತುಕ್ಕು ಒಮ್ಮೆ ಹಿಡಿದರೆ ಖರ್ಚು ಎಷ್ಟೋ ಪಟ್ಟು ಏರುತ್ತದೆ.

ಚೈನಿನ ಕಾಳಜಿ

ಬೆವರಿನ ಉಪ್ಪು, ಧೂಳು, ಚರ್ಮದ ಕೊಳೆ ಬೆರೆತು ಕೊಂಡಿಗಳ ಸಂದಿನಲ್ಲಿ ಅಂಟಾಗಿ ಕೂರುತ್ತವೆ. ಕೈ ಆಡಿದಂತೆ ಅದೇ ಅಂಟು ಉಪ್ಪುಕಾಗದದ ಹಾಗೆ ಪಿನ್ನನ್ನು ತೇಯುತ್ತದೆ. ಚೈನು ಜೋಲುವುದು ಹೀಗೆ. ನಮ್ಮ ಕರಾವಳಿಯಂಥ ಸೆಖೆಯ ಊರುಗಳಲ್ಲಿ ಇದು ಇನ್ನೂ ಬೇಗ. ಪಿಆರ್‌ಎಕ್ಸ್‌ನಲ್ಲಿ ಚೈನು ವಾಚಿನ ಮೈಗೇ ಹೊಂದಿಕೊಂಡು ಬರುತ್ತದೆ, ಬೇರೆ ಮಾದರಿಯ ಸಾಮಾನ್ಯ ಚೈನು ಅದಕ್ಕೆ ಕೂರುವುದಿಲ್ಲ. ಆದ್ದರಿಂದ ಇರುವುದನ್ನು ಜೋಪಾನ ಮಾಡಬೇಕು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ಸೋಪುನೀರು, ಮೆತ್ತನೆಯ ಬ್ರಷ್ ಹಿಡಿದು ಸಂದುಗಳನ್ನು ತಿಕ್ಕಿ, ಒಳ್ಳೆಯ ನೀರಿನಲ್ಲಿ ತೊಳೆದು ಒಣಗಿಸಿ. ನೀರು ತಡೆಯುತ್ತದೆಂಬ ಖಾತರಿ ಇಲ್ಲದಿದ್ದರೆ ಚೈನನ್ನು ಬಿಚ್ಚಿಯೇ ತೊಳೆಯಿರಿ.

ಗೀರುಗಳ ವಿಷಯಕ್ಕೆ ಬಂದರೆ, ಗಡಸುತನದ ಮೋಸ್ ಮಾಪಕದಲ್ಲಿ ನೀಲಮಣಿಗೆ 9, ಮರಳಿನ ಕಣಕ್ಕೆ 7. ಉಕ್ಕು ಎರಡಕ್ಕಿಂತಲೂ ಮೆದು. ಅದಕ್ಕೇ ಗಾಜು ಹೊಸದರಂತಿದ್ದು ಚೈನಿನ ತುಂಬ ಗೆರೆ. ಪದೇ ಪದೇ ಪಾಲಿಶ್ ಮಾಡಿಸಬೇಡಿ. ಪ್ರತಿ ಪಾಲಿಶ್ ಒಂದು ಪದರ ಲೋಹವನ್ನು ಕೆರೆದು ತೆಗೆಯುತ್ತದೆ. ಈ ವಾಚಿನ ಅಂದವಾದ ಚೂಪು ಅಂಚುಗಳು ಮೊಂಡಾದರೆ ಮರಳಿ ಬರುವುದಿಲ್ಲ.

ಖರ್ಚಿನ ಲೆಕ್ಕ

ದಿನವೂ ಕಟ್ಟುವ ವಾಚಿಗೆ ಐದು ವರ್ಷದ ಆಸುಪಾಸಿನಲ್ಲಿ ಸರ್ವೀಸ್ ಬೇಕಾಗುತ್ತದೆ. ಯಂತ್ರವನ್ನು ಬಿಚ್ಚಿ ತೊಳೆದು, ಎಣ್ಣೆ ಹಾಕಿ, ಬಳೆ ಬದಲಿಸಿ, ಒತ್ತಡ ಪರೀಕ್ಷಿಸುವಷ್ಟು ಕೆಲಸ ಅದರಲ್ಲಿರುತ್ತದೆ. ಈ ಬೆಲೆಯ ವಾಚುಗಳಲ್ಲಿ ಕೆಲವೊಮ್ಮೆ ಇಡೀ ಯಂತ್ರವನ್ನೇ ಬದಲಿಸುವುದು ಅಗ್ಗವಾದೀತು. ಎರಡರ ದರವನ್ನೂ ಬರೆಸಿಕೊಂಡು ತೀರ್ಮಾನಿಸಿ. ಕೊಳ್ಳುವ ದಿನವೇ ಈ ಮೊತ್ತವನ್ನು ಬೆಲೆಯ ಜೊತೆ ಕೂಡಿಸಿಕೊಳ್ಳುವುದು ಜಾಣತನ. ಸರ್ವೀಸಿನ ಹಣವನ್ನು ಪಾಲಿಶ್‌ಗೆ ಸುರಿದವರ ವಾಚು ಹೊರಗೆ ಮಿಂಚುತ್ತ ಒಳಗೆ ಸವೆಯುತ್ತದೆ. ಗೀರುಗಳನ್ನು ಹಾಗೇ ಬಿಟ್ಟು ಎಣ್ಣೆ, ಬಳೆ, ಪಿನ್ನು ನೋಡಿಕೊಂಡವರ ವಾಚು ಮುಂದಿನ ತಲೆಮಾರಿನ ಕೈಯಲ್ಲೂ ನಡೆಯಬಲ್ಲದು.