ಈದ್ ಕಳೆದ ಮೇಲಿನ ಫಜ್ರ್

ರಮಝಾನಿನ ಕೊನೆಯ ದಿನಗಳಲ್ಲಿ ಫಜ್ರ್ ನಮಾಝಿಗೆ ಮಸೀದಿಯ ಒಳಗೆ ಜಾಗ ಸಾಲುವುದಿಲ್ಲ. ಈದ್ ಮುಗಿದು ಒಂದು ವಾರ ಕಳೆಯುವಷ್ಟರಲ್ಲಿ ಅದೇ ಮಸೀದಿಯಲ್ಲಿ ಇಮಾಮರ ಹಿಂದಿನ ಮೊದಲ ಸಾಲು ತುಂಬುವುದೂ ಕಷ್ಟವಾಗುತ್ತದೆ. ಇದನ್ನು ನಾವು ಈಮಾನಿನ ದೌರ್ಬಲ್ಯವೆಂದು ಹೇಳಿ ಮುಗಿಸಿಬಿಡುತ್ತೇವೆ. ಇರಲೂಬಹುದು. ಆದರೆ ಬಹಳಷ್ಟು ಮನೆಗಳಲ್ಲಿ ಇಬಾದತ್ತಿನ ಅಭ್ಯಾಸ ಕೈತಪ್ಪುವುದಕ್ಕೆ ಮೊದಲು ನಿದ್ದೆ ಮತ್ತು ಊಟದ ಹೊತ್ತು ಕೈತಪ್ಪಿರುತ್ತದೆ.

ಸತತ ಒಂದು ತಿಂಗಳು ನಾಲ್ಕು ಗಂಟೆಗೆ ಎದ್ದ ದೇಹ ಆ ಹೊತ್ತನ್ನು ಕಲಿತುಕೊಂಡಿರುತ್ತದೆ. ಅಲಾರಂ ಬಾರಿಸುವ ಮೊದಲೇ ಎಚ್ಚರವಾಗುವುದನ್ನು ನೀವೂ ಗಮನಿಸಿರಬಹುದು. ನಮ್ಮ ಮೆದುಳಿನಲ್ಲಿರುವ ಗಡಿಯಾರವನ್ನು ಮುಖ್ಯವಾಗಿ ಬೆಳಕು ತಿದ್ದುತ್ತದೆ, ಊಟದ ಸಮಯವೂ ಅದಕ್ಕೆ ಸೂಚನೆ ಕೊಡುತ್ತದೆ. ಈದ್ ನಂತರ ಮೂರ್ನಾಲ್ಕು ದಿನ ಒಂಬತ್ತು ಗಂಟೆಯವರೆಗೆ ಮಲಗಿದರೆ ಆ ಗಡಿಯಾರ ಹಿಂದಕ್ಕೆ ಸರಿಯುತ್ತದೆ. ಆಮೇಲೆ ಫಜ್ರ್‌ಗೆ ಏಳುವುದು ಹೊಸದಾಗಿ ಬೆಟ್ಟ ಹತ್ತಿದಂತೆ.

ಹಬ್ಬದ ಆಯಾಸಕ್ಕೆ ವಿಶ್ರಾಂತಿ ಬೇಡವೆಂದಲ್ಲ. ಏಳುವ ಹೊತ್ತನ್ನು ಮಾತ್ರ ಬದಲಿಸಬೇಡಿ. ನಮಾಝ್ ಮುಗಿಸಿ ಹತ್ತು ನಿಮಿಷ ಅಂಗಳದಲ್ಲೋ ಟೆರೇಸಿನಲ್ಲೋ ಬೆಳಗಿನ ಬೆಳಕಿಗೆ ಮೈಯೊಡ್ಡಿ, ಕಡಿಮೆಯಾದ ನಿದ್ದೆಯನ್ನು ಮಧ್ಯಾಹ್ನದ ಚಿಕ್ಕ ನಿದ್ದೆಯಿಂದ, ಅಂದರೆ ಖೈಲೂಲದಿಂದ ತುಂಬಿಕೊಳ್ಳಿ. ಇಪ್ಪತ್ತು ಮೂವತ್ತು ನಿಮಿಷ ಸಾಕು. ಇಶಾಗಿಂತ ಮೊದಲು ಮಲಗುವುದನ್ನೂ ಇಶಾ ನಂತರ ಹರಟೆಯಲ್ಲಿ ಕಾಲ ಕಳೆಯುವುದನ್ನೂ ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲವೆಂದು ಹದೀಸ್‌ಗಳಲ್ಲಿದೆ. ತರಾವೀಹ್ ಇಲ್ಲದ ರಾತ್ರಿಗಳಲ್ಲಿ ನಮಗೆ ಒಂದು ಗಂಟೆಗೂ ಹೆಚ್ಚು ಸಮಯ ಉಳಿಯುತ್ತದೆ. ಅದನ್ನು ನಿದ್ದೆಗೆ ಕೊಡದೆ ಮೊಬೈಲಿಗೆ ಕೊಟ್ಟುಬಿಡುತ್ತೇವೆ. ಸಂಜೆ ಏಳರ ಚಹಾವನ್ನೂ ಬಿಡಿ. ಅದರಲ್ಲಿರುವ ಕೆಫೀನಿನ ಅರ್ಧದಷ್ಟು ಐದು ಗಂಟೆಗಳ ನಂತರವೂ ರಕ್ತದಲ್ಲಿ ಉಳಿದಿರುತ್ತದೆ.

ಹೊಟ್ಟೆಯ ವಿಷಯವನ್ನು ಹೆಚ್ಚು ಹೇಳಬೇಕಾಗಿಲ್ಲ. ಶೀರ್ ಖುರ್ಮಾ, ಬಿರಿಯಾನಿ, ನೆಂಟರ ಮನೆಯ ಎರಡನೇ ಬಿರಿಯಾನಿ! ಹಬ್ಬದ ದಿನ ತಿನ್ನುವುದು ತಪ್ಪಲ್ಲ, ಅಂದು ಉಪವಾಸವೇ ನಿಷಿದ್ಧ. ತೊಂದರೆ ಆರಂಭವಾಗುವುದು ಅದು ಹತ್ತು ದಿನ ಮುಂದುವರಿದಾಗ. ರಾತ್ರಿ ಹತ್ತೂವರೆಗೆ ಹೊಟ್ಟೆ ತುಂಬ ತಿಂದು ಮಲಗಿದವನಿಗೆ ಎದೆಯುರಿ, ಹುಳಿತೇಗು, ಅರೆನಿದ್ದೆ. ಬೆಳಿಗ್ಗೆ ಅಝಾನ್ ಕೇಳಿಸಿದರೂ ಮೈ ಏಳುವುದಿಲ್ಲ. ರಾತ್ರಿ ಊಟಕ್ಕೂ ಮಲಗುವುದಕ್ಕೂ ನಡುವೆ ಎರಡು ಮೂರು ಗಂಟೆ ಅಂತರವಿರಲಿ. ಹೊಟ್ಟೆಯ ಮೂರನೇ ಒಂದು ಪಾಲು ಆಹಾರಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಎಂಬ ಪ್ರವಾದಿ(ಸ)ರ ಬೋಧನೆ ಇಫ್ತಾರಿನ ತಟ್ಟೆಗೆ ಮಾತ್ರ ಹೇಳಿದ್ದಲ್ಲ.

ಬೀಡಿ, ಸಿಗರೇಟು, ಗುಟ್ಕಾ ಅಭ್ಯಾಸವಿರುವವರಿಗೆ ಒಂದು ಮಾತು. ಹದಿಮೂರು ಹದಿನಾಲ್ಕು ಗಂಟೆ ಮುಟ್ಟದೆ ಇರಬಲ್ಲಿರೆಂದು ನೀವೇ ಮೂವತ್ತು ದಿನ ತೋರಿಸಿದ್ದೀರಿ. ಪೂರ್ತಿ ಬಿಟ್ಟಾಗ ಬರುವ ಕಿರಿಕಿರಿ ಮೊದಲ ಎರಡು ಮೂರು ದಿನ ತೀವ್ರವಾಗಿರುತ್ತದೆ, ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಇಫ್ತಾರ್ ನಂತರದ ಒಂದೆರಡನ್ನೂ ಬಿಡಲು ಇದಕ್ಕಿಂತ ಸುಲಭದ ಸಮಯ ಮತ್ತೆ ಹನ್ನೊಂದು ತಿಂಗಳು ಸಿಗುವುದಿಲ್ಲ.

ಇನ್ನು ಔಷಧದ ವಿಷಯ. ಇದನ್ನು ದಯವಿಟ್ಟು ಮನೆಯ ಹಿರಿಯರಿಗೆ ಓದಿ ಹೇಳಿ. ಮಧುಮೇಹ ಅಥವಾ ಬಿ.ಪಿ. ಇರುವವರಿಗೆ ವೈದ್ಯರು ರಮಝಾನಿನಲ್ಲಿ ಮಾತ್ರೆಯ ಹೊತ್ತನ್ನೂ ಪ್ರಮಾಣವನ್ನೂ ಬದಲಿಸಿರುತ್ತಾರೆ. ಸಾಮಾನ್ಯವಾಗಿ ಸಹರಿಯ ಪ್ರಮಾಣ ಕಡಿಮೆ, ಇಫ್ತಾರಿನದು ಹೆಚ್ಚು. ಈದ್ ದಿನದಿಂದ ಊಟದ ಕ್ರಮ ತಿರುಗಿಬಿದ್ದರೂ ಮಾತ್ರೆ ಅದೇ ರಮಝಾನಿನ ಕ್ರಮದಲ್ಲಿ ಉಳಿದರೆ ಸಕ್ಕರೆ ಹಗಲು ಏರುತ್ತದೆ, ರಾತ್ರಿ ಕುಸಿಯಬಹುದು. ಹಬ್ಬದ ವಾರದಲ್ಲೇ ವೈದ್ಯರನ್ನು ಕೇಳಿ ಹಳೆಯ ಕ್ರಮಕ್ಕೆ ಮರಳಿ.

ಶವ್ವಾಲಿನ ಆರು ಉಪವಾಸಗಳನ್ನು ಹಿಡಿಯುವವರಿದ್ದರೆ ಆ ಭೇಟಿಯಲ್ಲೇ ಅದನ್ನೂ ಹೇಳಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಕುಸಿಯುವ ಅಪಾಯ ಹೆಚ್ಚು. ಬೆರಳಿನಿಂದ ಹನಿ ರಕ್ತ ತೆಗೆದು ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲ. ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಲೇಬೇಕು. ಬೆವರು, ನಡುಕ, ಎದೆಬಡಿತ, ಮಾತು ತಡವರಿಸುವುದು ಕಂಡರೆ ಮಗ್ರಿಬ್‌ಗೆ ಇನ್ನು ಅರ್ಧ ಗಂಟೆಯಷ್ಟೇ ಎಂದು ಕಾಯಬಾರದು. ಇದು ಸುನ್ನತ್ ಉಪವಾಸ. ಶಾಫಿಈ ಮದ್ಹಬಿನಲ್ಲಿ ಬಿಟ್ಟರೆ ಖಝಾ ಕಡ್ಡಾಯವಲ್ಲ, ಹನಫಿಯಲ್ಲಿ ಗುಣವಾದ ಮೇಲೆ ಒಂದು ಹಿಡಿದರಾಯಿತು. ಕಾಯಿಲೆಯ ಕಾರಣ ರಮಝಾನಿನ ಫರ್ಝ್ ಉಪವಾಸದಿಂದಲೇ ರಿಯಾಯಿತಿ ಪಡೆದವರು ಈ ಆರನ್ನು ಹಿಡಿಯಲು ಹೊರಡುವುದರಲ್ಲಿ ಅರ್ಥವಿಲ್ಲ.

ಆರೋಗ್ಯವಂತರಿಗೆ ಮಾತ್ರ ಈ ಆರು ಉಪವಾಸ ದೇಹದ ಲೆಕ್ಕದಲ್ಲೂ ದೊಡ್ಡ ಸಹಾಯ. ಒಂದಕ್ಕೆ ಹತ್ತು ಪ್ರತಿಫಲವೆಂದರೆ ಮೂವತ್ತು ಮತ್ತು ಆರು ಸೇರಿ ವರ್ಷದ 360 ದಿನಗಳಾಗುತ್ತವೆ ಎಂದು ವಿದ್ವಾಂಸರು ವಿವರಿಸಿದ್ದಾರೆ. ಬೆನ್ನು ಬೆನ್ನಿಗೇ ಹಿಡಿಯುವುದು ಶಾಫಿಈಗಳಲ್ಲಿ ಉತ್ತಮ, ಆದರೆ ಬಿಡಿಬಿಡಿಯಾಗಿ ಹಿಡಿದರೂ ಆಗುತ್ತದೆ. ಶವ್ವಾಲ್ 29 ದಿನದ್ದಾದರೂ ಈದ್ ದಿನ ಬಿಟ್ಟು ಉಳಿಯುವ 28 ದಿನಗಳಲ್ಲಿ ಸೋಮವಾರ ಗುರುವಾರಗಳೇ ಎಂಟು ಬರುತ್ತವೆ. ಹಾಗೆ ಹಂಚಿಕೊಂಡರೆ ವಾರಕ್ಕೆರಡು ಸಹರಿಯ ನೆಪದಲ್ಲಿ ಏಳುವ ಹೊತ್ತು ತಿಂಗಳಿಡೀ ಉಳಿಯುತ್ತದೆ. ಸಹರಿಗೆ ಎದ್ದವರಿಗೆ ತಹಜ್ಜುದಿನ ಎರಡು ರಕಅತ್ ಭಾರವಲ್ಲ, ಫಜ್ರ್ ಅಂತೂ ತಪ್ಪುವುದೇ ಇಲ್ಲ.

ಹೆಂಗಸರ ಸ್ಥಿತಿ ಬೇರೆ. ಮುಟ್ಟಿನ ಕಾರಣ ಬಿಟ್ಟುಹೋದ ಐದಾರು ಉಪವಾಸಗಳು ಅವರ ಲೆಕ್ಕದಲ್ಲಿರುತ್ತವೆ. ಹ. ಆಯಿಶಾ(ರ)ರು ತಮ್ಮ ಖಝಾಗಳನ್ನು ಶಅಬಾನಿನಲ್ಲಿ ಪೂರೈಸುತ್ತಿದ್ದರೆಂದು ವರದಿಯಿದೆ, ಆದ್ದರಿಂದ ಇದೇ ತಿಂಗಳು ಮುಗಿಸಲೇಬೇಕೆಂಬ ಆತಂಕ ಬೇಡ. ರಕ್ತಹೀನತೆ ಇದ್ದರೆ, ಮಗುವಿಗೆ ಹಾಲುಣಿಸುತ್ತಿದ್ದರೆ ಇನ್ನಷ್ಟು ಸಮಯ ತೆಗೆದುಕೊಳ್ಳಲಿ. ಮುಂದಿನ ರಮಝಾನಿಗೆ ಮುನ್ನ ತೀರಿಸಿದರಾಯಿತು. ರಮಝಾನಿನಲ್ಲಿ ಇಡೀ ಮನೆ ಜೊತೆಗೆ ಏಳುತ್ತದೆ. ಖಝಾ ಹಿಡಿಯುವಾಕೆ ಒಬ್ಬಳೇ ಕತ್ತಲಲ್ಲಿ ಎದ್ದು ತಣ್ಣನೆಯ ಅನ್ನ ತಿಂದು, ಹಗಲಿಡೀ ಎಲ್ಲರಿಗೂ ಬೇಯಿಸುತ್ತಾಳೆ. ಅವಳು ಸಹರಿಗೆ ಏಳುವ ದಿನ ನೀವೂ ಎದ್ದು ಒಂದು ಮೊಟ್ಟೆ ಬೇಯಿಸಿ ಕೊಡಿ, ಮಧ್ಯಾಹ್ನದ ಅಡುಗೆಯನ್ನು ಮನೆಯ ಉಳಿದವರು ವಹಿಸಿಕೊಳ್ಳಿ, ಸಂಜೆಗೆ ಖರ್ಜೂರವನ್ನೂ ನೀರನ್ನೂ ಮಕ್ಕಳು ತಂದಿಡಲಿ.