ವೆಬ್‌ಸೈಟ್ ಮಾಡಿಸುವ ಮುನ್ನ ಕೇಳಬೇಕಾದ್ದು

ಬ್ಯಾರಿಗಳಿಗೆ ವ್ಯಾಪಾರ ಹೊಸತಲ್ಲ. ನಮ್ಮ ಹೆಸರೇ ‘ಬ್ಯಾರ’ ಅಂದರೆ ವ್ಯಾಪಾರದಿಂದ ಬಂತು ಎನ್ನುವವರಿದ್ದಾರೆ. ಬಂದರಿನಲ್ಲಿ ಒಂದು ಅಂಗಡಿ ಕೋಣೆ ಬಾಡಿಗೆಗೆ ಹಿಡಿಯುವಾಗ ಕರಾರು ಯಾರ ಹೆಸರಲ್ಲಿ, ಅಡ್ವಾನ್ಸ್ ಎಷ್ಟು, ಬಿಡುವಾಗ ಕಪಾಟು ನಮ್ಮದೋ ಮಾಲಕರದೋ ಎಂದು ಹತ್ತು ಸಲ ಕೇಳುವ ನಾವು, ವೆಬ್‌ಸೈಟ್ ಮಾಡಿಸುವಾಗ ಮಾತ್ರ “ಎಷ್ಟಾಗ್ತದೆ?” ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನಾಗ್ತೇವೆ.

ನಮ್ಮ ಮನೆಯಲ್ಲಿ ಆದದ್ದೂ ಅದೇ. ಉಮ್ಮ ಮತ್ತು ಮಾಮಿ ಸೇರಿ ಮಾಡುವ ಮಸಾಲೆ ಪುಡಿ, ಉಪ್ಪಿನಕಾಯಿಗೆ ಬೆಂಗಳೂರಿನಿಂದಲೂ ಆರ್ಡರ್ ಬರತೊಡಗಿದಾಗ ಪರಿಚಯದ ಹುಡುಗನೊಬ್ಬ ಕಡಿಮೆ ದುಡ್ಡಿಗೆ ಚೆಂದದ ಸೈಟ್ ಮಾಡಿಕೊಟ್ಟ. ಡಬ್ಬಿಯ ಲೇಬಲ್ ಮೇಲೆ ಅದರ ವಿಳಾಸ ಅಚ್ಚಾಯಿತು. ಎರಡನೇ ವರ್ಷ ಒಂದು ಬೆಳಗ್ಗೆ ನೋಡಿದರೆ ಸೈಟೇ ಇಲ್ಲ! ಡೊಮೈನ್ ಅಂದರೆ ಆ ವಿಳಾಸ ನೋಂದಣಿ ಆಗಿದ್ದದ್ದು ಅವನ ಹೆಸರಲ್ಲಿ. ನವೀಕರಣದ ಸಂದೇಶ ಹೋಗುತ್ತಿದ್ದದ್ದು ಅವನ ಹಳೆಯ ಇಮೇಲಿಗೆ. ಅವನೋ ದಮ್ಮಾಮಿನಲ್ಲಿ, ಊರಿನ ಸಿಮ್ ಬಂದ್. ಅವಧಿ ಮುಗಿದ ಮೇಲೂ ಕೆಲವು ದಿನ ಹಳೆಯ ಮಾಲಕರಿಗೆ ಹೆಸರು ಉಳಿಸಿಕೊಳ್ಳುವ ಅವಕಾಶ ಇರುತ್ತದೆ. ಅವನು ಸಿಗುವಾಗ ಅದೂ ದಾಟಿತ್ತು, ಹೆಸರು ಬೇರೆ ಯಾರದೋ ಪಾಲಾಗಿತ್ತು. ಪಾಪ, ಅವನನ್ನು ದೂರಿ ಏನು ಪ್ರಯೋಜನ? ಕೇಳದೇ ಇದ್ದವರು ನಾವು.

ಡೊಮೈನ್ ಬೇರೆ, ಸೈಟ್ ಕಟ್ಟುವ ವೇದಿಕೆ ಬೇರೆ. ಒಂದು ಅಂಗಡಿಯ ಬೋರ್ಡು, ಇನ್ನೊಂದು ಅಂಗಡಿಯ ಕೋಣೆ. ಬೋರ್ಡು ನಮ್ಮದೇ ಇದ್ದರೆ ಕೋಣೆ ಎಷ್ಟು ಸಲ ಬದಲಾದರೂ ಗಿರಾಕಿ ಹುಡುಕಿಕೊಂಡು ಬರ್ತಾರೆ. ಹಾಗಾಗಿ ಯಾರಿಂದ ಮಾಡಿಸಿದರೂ ಡೊಮೈನ್ ಮನೆಯವರ ಹೆಸರು, ಇಮೇಲ್, ಮೊಬೈಲ್ ನಂಬ್ರದಲ್ಲೇ ಇರಲಿ. ಮೊದಲ ವರ್ಷದ ಅಗ್ಗದ ದರ ನೋಡಿ ಮರುಳಾಗದೆ ಎರಡನೇ ವರ್ಷ ಎಷ್ಟು ಅಂತ ಕೇಳಿ.

ಇನ್ನು ಕೋಣೆಯ ವಿಷಯ. ಶಾಪಿಫೈಯಂಥದ್ದು ತಿಂಗಳ ಬಾಡಿಗೆಯ ಅಂಗಡಿ. ಕಪಾಟು, ತಕ್ಕಡಿ, ಬಿಲ್ ಪುಸ್ತಕ ಎಲ್ಲ ತಯಾರಿರ್ತದೆ. ಬಾಡಿಗೆ ನಿಂತರೆ ಬಾಗಿಲು ಬಂದ್. ಸರಕಿನ ಪಟ್ಟಿಯನ್ನು ಹೊರತೆಗೆದು ಒಯ್ಯಬಹುದು, ಅಲಂಕಾರ ಮಾತ್ರ ಬರುವುದಿಲ್ಲ. ವರ್ಡ್‌ಪ್ರೆಸ್ ಮತ್ತು ಅದಕ್ಕೆ ಜೋಡಿಸುವ ವೂಕಾಮರ್ಸ್ ತಂತ್ರಾಂಶ ಉಚಿತ, ಸರ್ವರ್‌ಗೆ ಮಾತ್ರ ಹಣ. ಬೇಡವಾದರೆ ಇಡೀ ಸೈಟನ್ನೇ ಇನ್ನೊಂದು ಸರ್ವರ್‌ಗೆ ಹೊತ್ತೊಯ್ಯಬಹುದು. ಆದರೆ ಅಪ್‌ಡೇಟ್, ಬ್ಯಾಕಪ್, ಕಳ್ಳರ ಕಾಟ ಎಲ್ಲ ನಮ್ಮ ತಲೆಗೇ. ಅದನ್ನು ನೋಡಿಕೊಳ್ಳುವ ಜನ ಮನೆಯಲ್ಲಿ ಇಲ್ಲದಿದ್ದರೆ ಬಾಡಿಗೆಯದ್ದೇ ವಾಸಿ ಅಂತ ನಮ್ಮ ಅಭಿಪ್ರಾಯ. ಆನ್‌ಲೈನ್ ಪಾವತಿಯ ಕಮಿಷನ್ ಎರಡರಲ್ಲೂ ಬೇರೆಯೇ ಲೆಕ್ಕ ಹಿಡಿಯಬೇಕು.

ಪೂರ್ತಿ ಉಚಿತ ಅಂತ ನಂಬುವುದೂ ಕಷ್ಟ. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್‌ನೊಂದಿಗೆ ಸಣ್ಣ ಅಂಗಡಿಗಳಿಗೆ ಪುಕ್ಕಟೆ ವೆಬ್‌ಸೈಟ್ ಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅವುಗಳನ್ನು ನಿಲ್ಲಿಸಿತು. ಅದರ ವಿಳಾಸವನ್ನೇ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದವರ ಗತಿ ನಮ್ಮದೇ.

ದಿನಕ್ಕೆ ನಾಲ್ಕೈದು ಆರ್ಡರ್ ಬರುವವರಿಗೆ ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್ ಮತ್ತು ಯುಪಿಐ ಧಾರಾಳ ಸಾಕು. ನಾವೂ ಆರು ತಿಂಗಳು ಅದರಲ್ಲೇ ದೂಡಿದೆವು. ಪೇಟೆಯ ಕಾಕ ಒಬ್ಬರು, “ಗಿರಾಕಿ ಫೋನಲ್ಲೇ ಇದ್ದಾರಲ್ಲ ಮೋನೆ, ಸೈಟ್ ಯಾಕೆ?” ಎಂದು ಕೇಳಿದ್ದರು. ನಮ್ಮಲ್ಲಿ ಸರಿಯಾದ ಉತ್ತರ ಇರಲಿಲ್ಲ. ಪರವೂರಿನ ಆರ್ಡರ್ ಹೆಚ್ಚಾಗಿ, ಒಬ್ಬೊಬ್ಬರಿಗೂ ದರ, ವಿಳಾಸ ಬರೆದು ಬರೆದು ಮಾಮಿಗೆ ಸಾಕಾದ ಮೇಲೆಯೇ ಮತ್ತೆ ಸೈಟ್ ಮಾಡಿಸಿದ್ದು.

ಈ ಸಲ ಡೊಮೈನ್ ಉಮ್ಮನ ಹೆಸರಲ್ಲಿ. ಓಟಿಪಿ ಬರುವುದೂ ಅವರ ಫೋನಿಗೇ. ನವೀಕರಣದ ತಾರೀಕು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಗ್ಯಾಸ್ ಬುಕ್ ಮಾಡಿದ ದಿನದ ಕೆಳಗೆ ಬರೆದಿದೆ. ಹಳೆಯ ವಿಳಾಸದ ಡಬ್ಬಿಗಳು ಇನ್ನೂ ಮುನ್ನೂರರಷ್ಟಿವೆ; ಅಸರ್ ಕಳೆದು ಮಕ್ಕಳು ಕೂತು ಅವುಗಳ ಮೇಲೆ ಹೊಸ ಸ್ಟಿಕ್ಕರ್ ಅಂಟಿಸುತ್ತಿದ್ದಾರೆ.