ಬಣ್ಣದ ಮೊಟ್ಟೆಯ ಕೋಳಿಗಳು: ಶುದ್ಧತಳಿ ಮತ್ತು ಮಿಶ್ರತಳಿಗಳ ವ್ಯತ್ಯಾಸ
(ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ)

ಬನ್ನೇರುಘಟ್ಟ ರಸ್ತೆಯಲ್ಲಿರುವ ಗೊಟ್ಟಿಗೆರೆಯು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಸೇರಿತು. ಊರು ನಗರವಾದರೂ ಅಲ್ಲಿನ ಅಂಗಡಿಗಳಲ್ಲಿ ನಾಟಿ ಮೊಟ್ಟೆಯನ್ನು ಕೇಳಿ ಪಡೆಯುವವರು ಕಡಿಮೆಯಾಗಿಲ್ಲ. ಗೊಟ್ಟಿಗೆರೆಯನ್ನು ದಾಟಿದ ನಂತರ ಸಿಗುವ ಆನೇಕಲ್ ತಾಲ್ಲೂಕಿನ ಗ್ರಾಮಗಳಲ್ಲಿ ಹಿತ್ತಲ ಕೋಳಿ ಸಾಕುವ ಕುಟುಂಬಗಳಿಗೆ ಇದು ಮನೆಬಾಗಿಲಿಗೆ ಸಮೀಪದ ಮಾರುಕಟ್ಟೆ. ಕೊಳ್ಳುವವರು ಸಾಮಾನ್ಯವಾಗಿ ಕಂದು ಅಥವಾ ಕೆನೆ ಬಣ್ಣದ ಮೊಟ್ಟೆಯನ್ನು ನಾಟಿ ಎಂದೂ, ಬಿಳಿಯದನ್ನು ಫಾರಂ ಮೊಟ್ಟೆ ಎಂದೂ ಭಾವಿಸುತ್ತಾರೆ. ಸಾಕುವವರೂ ಬಣ್ಣವನ್ನೇ ನೋಡಿ ತಳಿಯನ್ನು ನಿರ್ಧರಿಸುವುದುಂಟು. ಈ ಎರಡೂ ಸರಿಯಲ್ಲ. ತಳಿಯ ಆಯ್ಕೆಯಲ್ಲಿ ಆಗುವ ತಪ್ಪಿನ ನಷ್ಟವು ಒಂದೆರಡು ವರ್ಷಗಳ ನಂತರ ಫಲಾನುಭವಿಯ ಗೂಡು ಖಾಲಿಯಾದಾಗ ಮಾತ್ರ ತಿಳಿಯುತ್ತದೆ. ಆದ್ದರಿಂದ ಸದಸ್ಯರು ಈ ವಿಷಯವನ್ನು ಮುಂಚಿತವಾಗಿ ಅರಿತಿರುವುದು ಅಗತ್ಯ.

ಬಣ್ಣ ಎಲ್ಲಿಂದ ಬರುತ್ತದೆ

ಕೋಳಿಯ ದೇಹದಲ್ಲಿ ಒಂದು ಮೊಟ್ಟೆ ಪೂರ್ಣಗೊಳ್ಳಲು 24ರಿಂದ 26 ಗಂಟೆಗಳು ಬೇಕು. ಅದರಲ್ಲಿ ಸುಮಾರು 20 ಗಂಟೆಗಳು ಚಿಪ್ಪು ಕಟ್ಟುವುದಕ್ಕೇ ಸಲ್ಲುತ್ತವೆ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಆದದ್ದು. ಅದರ ಮೂಲ ಬಣ್ಣ ಬಿಳಿ. ಕೆಲವು ತಳಿಗಳಲ್ಲಿ ಕೊನೆಯ ಕೆಲವು ಗಂಟೆಗಳಲ್ಲಿ ಪ್ರೋಟೊಪಾರ್ಫಿರಿನ್ ಎಂಬ ವರ್ಣದ್ರವ್ಯವು ಚಿಪ್ಪಿನ ಹೊರಮೈಗೆ ಲೇಪನವಾಗುತ್ತದೆ. ಇದರಿಂದ ಕಂದು ಬಣ್ಣ ಬರುತ್ತದೆ. ಕಂದು ಮೊಟ್ಟೆಯನ್ನು ಒಡೆದು ಚಿಪ್ಪಿನ ಒಳಭಾಗವನ್ನು ನೋಡಿದರೆ ಅದು ಬಿಳಿಯಾಗಿಯೇ ಇರುತ್ತದೆ.

ದಕ್ಷಿಣ ಅಮೆರಿಕದ ಚಿಲಿ ದೇಶದ ಅರೌಕಾನಾ ತಳಿಯ ಕೋಳಿಗಳು ನೀಲಿ ಮೊಟ್ಟೆ ಇಡುತ್ತವೆ. ಅಲ್ಲಿ ಬಿಲಿವರ್ಡಿನ್ ಎಂಬ ಬೇರೆ ವರ್ಣದ್ರವ್ಯವು ಚಿಪ್ಪಿನ ಒಳಗೂ ಹೊರಗೂ ವ್ಯಾಪಿಸಿರುತ್ತದೆ. ನೀಲಿ ಮೊಟ್ಟೆಯ ತಳಿಯನ್ನು ಕಂದು ಮೊಟ್ಟೆಯ ತಳಿಯೊಂದಿಗೆ ಕೂಡಿಸಿದರೆ ಹಸಿರು ಛಾಯೆಯ ಮೊಟ್ಟೆಗಳು ದೊರೆಯುತ್ತವೆ. ನಮ್ಮ ಭಾಗದ ಹಿತ್ತಲುಗಳಲ್ಲಿ ಕಾಣುವುದು ಮುಖ್ಯವಾಗಿ ಕೆನೆ ಮತ್ತು ಕಂದು ಬಣ್ಣಗಳೇ.

ಮೊಟ್ಟೆಯ ಬಣ್ಣವನ್ನು ತೀರ್ಮಾನಿಸುವುದು ಹೇಂಟೆಯ ವಂಶಗುಣ. ಕೂಡಿದ ಹುಂಜ ಯಾವುದೇ ಆಗಿರಲಿ, ಆ ಹೇಂಟೆಯ ಮೊಟ್ಟೆಯ ಬಣ್ಣ ಬದಲಾಗದು. ಹುಂಜದ ಪ್ರಭಾವ ಮುಂದೆ ಹುಟ್ಟುವ ಹೆಣ್ಣುಮರಿಗಳ ಮೊಟ್ಟೆಯಲ್ಲಿ ಕಾಣುತ್ತದೆ. ಬಣ್ಣಕ್ಕೂ ಪೌಷ್ಟಿಕತೆಗೂ ಸಂಬಂಧವಿಲ್ಲ. ಭಂಡಾರದ ಹಳದಿ ಗಾಢವಾಗಿರುವುದು ಕೋಳಿ ತಿಂದ ಸೊಪ್ಪು ಮತ್ತು ಮೆಕ್ಕೆಜೋಳದ ಕಾರಣದಿಂದಲೇ ಹೊರತು ಚಿಪ್ಪಿನ ಬಣ್ಣದಿಂದಲ್ಲ.

ಬಣ್ಣದಿಂದ ತಳಿ ತಿಳಿಯದು

ವೈಟ್ ಲೆಗ್‌ಹಾರ್ನ್ ಶುದ್ಧತಳಿಯಾಗಿದ್ದು ಬಿಳಿ ಮೊಟ್ಟೆ ಇಡುತ್ತದೆ. ರೋಡ್ ಐಲೆಂಡ್ ರೆಡ್ ಕೂಡ ಶುದ್ಧತಳಿಯೇ. ಅದರ ಮೊಟ್ಟೆ ಕಂದು. ಮಧ್ಯಪ್ರದೇಶದ ಝಾಬುವಾ ಪ್ರದೇಶದ ಕಡಕ್‌ನಾಥ್ ಕೋಳಿಯ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆತಿದೆ. ಅದರ ಗರಿ, ಚರ್ಮ, ಮಾಂಸ ಎಲ್ಲವೂ ಕಪ್ಪಾದರೂ ಮೊಟ್ಟೆ ಮಾತ್ರ ತಿಳಿ ಕಂದು. ಕಪ್ಪು ಮೊಟ್ಟೆ ಎಂದು ಯಾರಾದರೂ ಮಾರಲು ಬಂದರೆ ನಂಬಬಾರದು.

ಇತ್ತ ಕರ್ನಾಟಕದ ಸುಧಾರಿತ ಕೋಳಿಗಳಾದ ಗಿರಿರಾಜ ಮತ್ತು ಸ್ವರ್ಣಧಾರಾ ಮಿಶ್ರತಳಿಗಳು. ಇವುಗಳ ಮೊಟ್ಟೆಯೂ ಕಂದು. ಗಿರಿರಾಜವನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿ 1989ರಲ್ಲಿ ಬಿಡುಗಡೆ ಮಾಡಿತು. ಸ್ವರ್ಣಧಾರಾ ತಳಿಯನ್ನು ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು 2005ರಲ್ಲಿ ಹೊರತಂದಿತು. ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದ ಗ್ರಾಮಪ್ರಿಯ ಸಹ ಕಂದು ಮೊಟ್ಟೆ ಇಡುವ ಹಿತ್ತಲ ಕೋಳಿ. ಹೀಗಾಗಿ ಕಂದು ಬಣ್ಣವೊಂದನ್ನೇ ನೋಡಿ ಮೊಟ್ಟೆಯನ್ನು ನಾಟಿ ಎಂದಾಗಲಿ, ಶುದ್ಧತಳಿಯದೆಂದಾಗಲಿ ಹೇಳಲು ಬರುವುದಿಲ್ಲ.

ನಿಜವಾದ ವ್ಯತ್ಯಾಸ ಮುಂದಿನ ಪೀಳಿಗೆಯಲ್ಲಿ

ಶುದ್ಧತಳಿಯ ಹುಂಜ ಮತ್ತು ಹೇಂಟೆಗೆ ಹುಟ್ಟುವ ಮರಿಗಳು ತಾಯಿತಂದೆಯರನ್ನೇ ಹೋಲುತ್ತವೆ. ಬಣ್ಣ, ತೂಕ, ಮೊಟ್ಟೆಯ ಸಂಖ್ಯೆ ಇವೆಲ್ಲ ಪೀಳಿಗೆಯಿಂದ ಪೀಳಿಗೆಗೆ ಹೆಚ್ಚು ವ್ಯತ್ಯಾಸವಿಲ್ಲದೆ ಮುಂದುವರಿಯುತ್ತವೆ. ಮಿಶ್ರತಳಿಯ ಸಂಗತಿ ಬೇರೆ. ಭಿನ್ನ ವಂಶಗಳನ್ನು ಆರಿಸಿ ಕೂಡಿಸಿದಾಗ ಮೊದಲ ಪೀಳಿಗೆಯ ಕೋಳಿಗಳು ಬೇಗ ಬೆಳೆಯುತ್ತವೆ, ಹೆಚ್ಚು ಮೊಟ್ಟೆ ಇಡುತ್ತವೆ, ಒಂದೇ ಸಮನಾಗಿಯೂ ಇರುತ್ತವೆ. ಆದರೆ ಅವುಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿ ಮರಿ ಮಾಡಿಸಿದರೆ ಗುಣಗಳು ಚದುರುತ್ತವೆ. ಒಂದು ಮರಿ ದೊಡ್ಡದಾಗಿ, ಇನ್ನೊಂದು ಚಿಕ್ಕದಾಗಿ ಬೆಳೆಯುತ್ತದೆ. ಮೊಟ್ಟೆಗಳ ಸಂಖ್ಯೆ ಇಳಿಯುತ್ತದೆ. ಬಣ್ಣವೂ ಒಂದೇ ತೆರನಾಗಿರುವುದಿಲ್ಲ. ನೀಲಿ ಮೊಟ್ಟೆಯ ಗುಣವನ್ನು ಒಂದೊಂದು ಪಾಲು ಮಾತ್ರ ಹೊತ್ತ ಹುಂಜ ಮತ್ತು ಹೇಂಟೆಯ ಸಂತತಿಯಲ್ಲಿ, ಸರಾಸರಿ ನಾಲ್ಕು ಹೆಣ್ಣುಮರಿಗಳಲ್ಲಿ ಒಂದಕ್ಕೆ ಆ ಬಣ್ಣವೇ ಬಾರದು. ಮೊಟ್ಟೆಯ ಸಂಖ್ಯೆಯಂತಹ ಗುಣಗಳನ್ನು ಅನೇಕ ವಂಶವಾಹಿಗಳು ನಿರ್ಧರಿಸುವುದರಿಂದ ಅಲ್ಲಿನ ಏರುಪೇರು ಇನ್ನೂ ಹೆಚ್ಚು.

ಇದಕ್ಕೆ ಮತ್ತೊಂದು ಅಂಶ ಸೇರುತ್ತದೆ. ನಾಟಿ ಕೋಳಿ ವರ್ಷಕ್ಕೆ 50ರಿಂದ 60 ಮೊಟ್ಟೆಗಳನ್ನಷ್ಟೇ ಇಟ್ಟರೂ ತಾನೇ ಕಾವು ಕೂತು, 21 ದಿನಗಳಲ್ಲಿ ಮರಿ ಮಾಡಿ, ಅವುಗಳನ್ನು ಮೇಯಿಸಿ ಕಾಪಾಡುತ್ತದೆ. ಸ್ವರ್ಣಧಾರಾ ವರ್ಷಕ್ಕೆ 180ರಿಂದ 190 ಮೊಟ್ಟೆಗಳನ್ನು ಇಡಬಲ್ಲದು. ಆದರೆ ಹೆಚ್ಚು ಮೊಟ್ಟೆಗಾಗಿ ಆಯ್ದ ಇಂತಹ ಕೋಳಿಗಳಲ್ಲಿ ಕಾವು ಕೂರುವ ಗುಣ ಕಡಿಮೆ. ಐದು ಹೇಂಟೆಗಳನ್ನು ಸಾಕಿದ ಮನೆಗೆ ಮೊದಲ ವರ್ಷ ಮಿಶ್ರತಳಿಯಿಂದ ನಾಟಿ ಕೋಳಿಯ ಮೂರು ಪಟ್ಟು ಮೊಟ್ಟೆ ದೊರೆಯಬಹುದು. ಆದರೆ ಆ ಕೋಳಿಗಳು ಮುದಿಯಾದಾಗ ಅವುಗಳ ಜಾಗಕ್ಕೆ ಬರುವ ಮರಿಗಳು ಮನೆಯಲ್ಲಿ ಹುಟ್ಟಿರುವುದಿಲ್ಲ. ಇದನ್ನು ತಿಳಿಸದೆ ಮರಿ ವಿತರಿಸಿದರೆ, ಕುಟುಂಬವು ಕೋಳಿಯೇ ಸರಿಯಿರಲಿಲ್ಲ ಎಂದು ಭಾವಿಸಿ ಸಾಕಾಣಿಕೆಯನ್ನೇ ಕೈಬಿಡುತ್ತದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಗ್ರಾಮಸಭೆಯಲ್ಲಿ ಫಲಾನುಭವಿಗಳನ್ನು ಆಯ್ಕೆ ಮಾಡುವಾಗ ಉದ್ದೇಶವನ್ನು ಕೇಳಿ ತಿಳಿಯಬೇಕು. ನಿಯತವಾಗಿ ಮೊಟ್ಟೆ ಮಾರುವ ಮನೆಗೆ ಸುಧಾರಿತ ಮಿಶ್ರತಳಿ ಸೂಕ್ತ. ಹೊರಗಿನಿಂದ ಮರಿ ಕೊಳ್ಳದೆ ಹಿಂಡನ್ನು ಉಳಿಸಿಕೊಳ್ಳಬಯಸುವ ಮನೆಗೆ ನಾಟಿ ಕೋಳಿ ಸೂಕ್ತ.

2. ಮಿಶ್ರತಳಿ ಪಡೆದವರು ಹಳೆಯ ಕೋಳಿಗಳ ಬದಲಿಗೆ ಅಧಿಕೃತ ಕೇಂದ್ರಗಳಿಂದಲೇ ಹೊಸ ಮರಿ ತರಬೇಕಾಗುತ್ತದೆ ಎಂಬುದನ್ನು ವಿತರಣೆಯ ದಿನವೇ ತಿಳಿಸಬೇಕು. ಮೊಟ್ಟೆ ಮಾರಿದ ಹಣದಲ್ಲಿ ಒಂದು ಭಾಗವನ್ನು ಇದಕ್ಕಾಗಿ ತೆಗೆದಿಡುವಂತೆ ಸ್ವಸಹಾಯ ಸಂಘಗಳ ಮೂಲಕ ಮನವರಿಕೆ ಮಾಡಬಹುದು.

3. ಮಿಶ್ರತಳಿಯ ಹುಂಜಗಳನ್ನು ಊರಿನ ನಾಟಿ ಹೇಂಟೆಗಳೊಂದಿಗೆ ಬೆರೆಯಲು ಬಿಟ್ಟರೆ ಕೆಲವೇ ಪೀಳಿಗೆಗಳಲ್ಲಿ ನಾಟಿ ತಳಿ ಕಲಬೆರಕೆಯಾಗುತ್ತದೆ. ಅಂತಹ ಹುಂಜಗಳನ್ನು ಬೆಳೆದ ಕೂಡಲೇ ಮಾಂಸಕ್ಕೆ ಮಾರುವುದು ಲೇಸು. ಪ್ರತಿ ಗ್ರಾಮದಲ್ಲಿ ಕೆಲವು ಮನೆಗಳಾದರೂ ನಾಟಿ ಹುಂಜ ಮತ್ತು ಹೇಂಟೆಗಳನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳುವುದು ಅಪೇಕ್ಷಣೀಯ.

4. ಕಂದು ಮೊಟ್ಟೆ ಇಡುತ್ತಿದ್ದ ಕೋಳಿಗಳ ಚಿಪ್ಪು ಒಮ್ಮೆಲೇ ಪೇಲವವಾದರೆ ಅದನ್ನು ಎಚ್ಚರಿಕೆಯೆಂದು ತಿಳಿಯಬೇಕು. ವಯಸ್ಸಾದಂತೆ ಬಣ್ಣ ನಿಧಾನವಾಗಿ ತಿಳಿಯಾಗುವುದು ಸಹಜ. ಹಠಾತ್ತನೆ ಮಾಸಿದರೆ ಕೊಕ್ಕರೆ ರೋಗವೋ ಶ್ವಾಸನಾಳದ ಸೋಂಕೋ ಇರಬಹುದು. ತಕ್ಷಣ ಪಶುವೈದ್ಯರಿಗೆ ತಿಳಿಸಬೇಕು. ಕೊಕ್ಕರೆ ರೋಗದ ಲಸಿಕೆ ಶುದ್ಧತಳಿ, ಮಿಶ್ರತಳಿ, ನಾಟಿ ಎಂಬ ಭೇದವಿಲ್ಲದೆ ಎಲ್ಲ ಕೋಳಿಗಳಿಗೂ ಅವಶ್ಯಕ.

5. ಮಿಶ್ರತಳಿಯ ಮೊಟ್ಟೆಯನ್ನು ನಾಟಿ ಮೊಟ್ಟೆಯೆಂದು ಮಾರದಂತೆ ಸಾಕಾಣಿಕೆದಾರರಿಗೆ ತಿಳಿಹೇಳಬೇಕು. ಹಿತ್ತಲಲ್ಲಿ ಮೇಯ್ದ ಸುಧಾರಿತ ಕೋಳಿಯ ತಾಜಾ ಮೊಟ್ಟೆ ಎಂದು ಹೇಳಿ ಮಾರಿದರೂ ಅದಕ್ಕೆ ಗಿರಾಕಿಗಳಿದ್ದಾರೆ. ಒಮ್ಮೆ ನಂಬಿಕೆ ಕೆಟ್ಟರೆ, ನಿಜವಾದ ನಾಟಿ ಮೊಟ್ಟೆ ತರುವವರಿಗೂ ಬೆಲೆ ಸಿಗದಂತಾಗುತ್ತದೆ.

ಶುದ್ಧತಳಿ ಮೇಲು, ಮಿಶ್ರತಳಿ ಕೀಳು ಎಂಬ ಲೆಕ್ಕ ಇಲ್ಲಿಲ್ಲ. ಒಂದು ತನ್ನ ವಂಶವನ್ನು ಮುಂದುವರಿಸುತ್ತದೆ, ಇನ್ನೊಂದು ಇದ್ದಷ್ಟು ದಿನ ಹೆಚ್ಚು ಕೊಡುತ್ತದೆ. ಯಾವ ಮನೆಗೆ ಯಾವುದು ಬೇಕೆಂಬುದನ್ನು ಮರಿ ಕೈಸೇರುವ ಮೊದಲೇ ಆ ಮನೆಯವರೊಂದಿಗೆ ಕುಳಿತು ತೀರ್ಮಾನಿಸುವುದು ಸೂಕ್ತ.